ಬ್ಲೆಂಡರ್‌ನಲ್ಲಿ ಕನ್ನಡ ಒತ್ತಕ್ಷರ ಬಿಡಿಬಿಡಿ ಆಗ್ತಿದೆ, ಏನು ಮಾಡಲಿ?

ಪ್ರಶ್ನೆ: ಸರ್, ಗಂಗಾವತಿಯಲ್ಲಿ ನಮ್ಮದು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ. ಕೊಪ್ಪಳದ ಗವಿಮಠದ ಜಾತ್ರೆಗೆ ಸಣ್ಣ ವಿಡಿಯೊ ಮಾಡ್ತಿದ್ದೇನೆ. ಅದರಲ್ಲಿ 'ಗವಿಸಿದ್ಧೇಶ್ವರ ಜಾತ್ರೆ' ಅಂತ ಬಂಗಾರದ ಬಣ್ಣದ ತ್ರೀಡಿ ಅಕ್ಷರ ಬರಬೇಕು. ತ್ರೀಡಿ ಮಾಡುವ ಸಾಫ್ಟ್‌ವೇರ್ ಬ್ಲೆಂಡರ್ ಈಗಷ್ಟೇ ಕಲಿಯುತ್ತಿದ್ದೇನೆ. ಹಳೇ ಲ್ಯಾಪ್‌ಟಾಪ್, ಹೊಸ ವರ್ಷನ್ ಓಪನ್ ಆಗಲಿಲ್ಲ, 3.6 ಹಾಕಿದ್ದೇನೆ. ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ಕನ್ನಡ ಹಾಕಿದರೆ ಎಲ್ಲ ಒಡೆದು ಹೋಗುತ್ತದೆ. ಕನ್ನಡದ ಫಾಂಟ್ ಕೊಟ್ಟರೂ ಅಷ್ಟೇ.

ಉತ್ತರ: ಫಾಂಟ್ ಬದಲಿಸುತ್ತಾ ಕೂರಬೇಡಿ, ತಪ್ಪು ಫಾಂಟ್‌ನದ್ದಲ್ಲ. ನಾವು 'ದ್ಧೇ' ಅಂತ ಟೈಪ್ ಮಾಡಿದಾಗ ಕಂಪ್ಯೂಟರ್‌ಗೆ ಹೋಗುವುದು ದ, ಹಲಂತ, ಧ, ಏತ್ವದ ಗುರುತು ಅಂತ ಬೇರೆಬೇರೆ ಸಂಕೇತಗಳು. ಅವನ್ನೆಲ್ಲ ಸೇರಿಸಿ ಒಂದು ಅಕ್ಷರ ಮಾಡುವ ನಿಯಮ ಫಾಂಟ್ ಒಳಗೇ ಇರುತ್ತದೆ, ಆದರೆ ಆ ನಿಯಮ ಓದಿ ಜೋಡಿಸುವ ಕೆಲಸ ಸಾಫ್ಟ್‌ವೇರ್‌ನದ್ದು. ನಿಮ್ಮ ಬ್ಲೆಂಡರ್‌ನ ಟೆಕ್ಸ್ಟ್ ಆಬ್ಜೆಕ್ಟ್ ಅದನ್ನು ಮಾಡುವುದಿಲ್ಲ, ಬಂದದ್ದನ್ನು ಬಂದ ಹಾಗೆ ಸಾಲಾಗಿ ಇಡುತ್ತದೆ. ಬೇಕಿದ್ದರೆ 'ಕನಕಗಿರಿ' ಅಂತ ಹಾಕಿ ನೋಡಿ. ಕ, ನ, ಕ ಸರಿಯಾಗಿ ಬರುತ್ತವೆ, ಗಿ ಮತ್ತು ರಿ ಹತ್ತಿರ ಗುಡಿಸು ಬೇರೆಯಾಗಿ ಹೋಗಿ ನಿಲ್ಲುತ್ತದೆ.

ಹಾಗಾಗಿ ಕನ್ನಡವನ್ನು ಬೇರೆ ಕಡೆ ಬರೆದು, ಅದರ ಆಕಾರ ಮಾತ್ರ ಬ್ಲೆಂಡರ್‌ಗೆ ತನ್ನಿ. ಚಿತ್ರ ಬಿಡಿಸುವ ಸಾಫ್ಟ್‌ವೇರ್ ಇಂಕ್‌ಸ್ಕೇಪ್ ಇದಕ್ಕೆ ಸಾಕು, ಅದೂ ಉಚಿತ. ಅದರಲ್ಲಿ ಯುನಿಕೋಡ್‌ನಲ್ಲೇ ಟೈಪ್ ಮಾಡಿ. ಫೋನ್‌ನಲ್ಲಿ ಬರೆದು ಕಾಪಿ ಮಾಡಿದರೂ ನಡೆಯುತ್ತದೆ, ಆದರೆ ಅಂಗಡಿಯ ಹಳೇ ನುಡಿ ಫೈಲಿನಿಂದ ತಂದು ಯುನಿಕೋಡ್ ಫಾಂಟ್ ಕೊಟ್ಟರೆ ಏನೇನೋ ಇಂಗ್ಲಿಷ್ ಗುರುತು ಬರುತ್ತವೆ. ಫಾಂಟ್ ದಪ್ಪ ಇರಲಿ. ನನಗೆ 'ಬಲೂ ತಮ್ಮ' ಅನ್ನುವ ಫಾಂಟ್ ಇಷ್ಟ, ಗುಂಡಗಿದೆ, ಆಳ ಕೊಟ್ಟಾಗ ಚೆನ್ನಾಗಿ ಕಾಣುತ್ತದೆ. ನೋಟೊ ಸ್ಯಾನ್ಸ್ ಕನ್ನಡದ ಬೋಲ್ಡ್ ಕೂಡ ಆಗುತ್ತದೆ. ಬರೆದಾದ ಮೇಲೆ ಪಾತ್ ಮೆನುವಿನಲ್ಲಿ ಆಬ್ಜೆಕ್ಟ್ ಟು ಪಾತ್ ಒತ್ತಿ (ಅಕ್ಷರ ಬರೀ ಗೆರೆಯ ಆಕಾರ ಆಗುತ್ತದೆ), ಅನ್‌ಗ್ರೂಪ್ ಮಾಡಿ, ಎಲ್ಲ ಆಯ್ಕೆ ಮಾಡಿ ಯೂನಿಯನ್ ಕೊಟ್ಟು ಒಂದೇ ಆಕಾರ ಮಾಡಿ. ಯೂನಿಯನ್ ಬಿಡಬೇಡಿ, ಬಿಟ್ಟರೆ ಅಕ್ಷರಕ್ಕೆ ಒತ್ತು ತಾಗುವ ಜಾಗದಲ್ಲಿ ಒಂದರ ಮೇಲೊಂದು ಕೂತು ಮುಂದೆ ಕಲೆ ಕಾಣುತ್ತದೆ. ಪ್ಲೇನ್ ಎಸ್‌ವಿಜಿ (ಗೆರೆಯ ಆಕಾರ ಇಡುವ ಫೈಲ್) ಅಂತ ಸೇವ್ ಮಾಡಿ. ಒಮ್ಮೆ ಪಾತ್ ಆದ ಮೇಲೆ ಕಾಗುಣಿತ ತಿದ್ದಲು ಬರುವುದಿಲ್ಲ, ಮೊದಲೇ ಒಂದು ಕಾಪಿ ಬೇರೆ ಇಟ್ಟುಕೊಳ್ಳಿ.

ಬ್ಲೆಂಡರ್‌ನಲ್ಲಿ ಫೈಲ್, ಇಂಪೋರ್ಟ್, ಎಸ್‌ವಿಜಿ. ಏನೂ ಬರಲಿಲ್ಲ ಅನಿಸುತ್ತದೆ, ಬಂದಿರುತ್ತದೆ, ತುಂಬಾ ಸಣ್ಣದಾಗಿ ನೆಲದ ಮೇಲೆ ಮಲಗಿರುತ್ತದೆ. ಬಲಗಡೆಯ ಪಟ್ಟಿಯಲ್ಲಿ ಹೆಸರು ಒತ್ತಿ ಆಯ್ಕೆ ಮಾಡಿ, ಎಸ್ ಒತ್ತಿ ದೊಡ್ಡದು ಮಾಡಿ, ಕಂಟ್ರೋಲ್ ಎ ಒತ್ತಿ ಸ್ಕೇಲ್ ಅಪ್ಲೈ ಮಾಡಿ. ಅಪ್ಲೈ ಮಾಡಿದ ಮೇಲೆಯೇ ಆರ್, ಎಕ್ಸ್, 90 ಒತ್ತಿ ಎಬ್ಬಿಸಿ ನಿಲ್ಲಿಸಿ.

ಇನ್ನು ದಪ್ಪ. ಹಸಿರು ಬಣ್ಣದ ಕರ್ವ್ ಗುರುತಿನ ಟ್ಯಾಬ್‌ನಲ್ಲಿ ಜಿಯೋಮೆಟ್ರಿ ಅಂತ ಇದೆ. ಅಲ್ಲಿ ಎಕ್ಸ್‌ಟ್ರೂಡ್ ಜಾಸ್ತಿ ಮಾಡಿದರೆ ಅಕ್ಷರಕ್ಕೆ ಆಳ ಬರುತ್ತದೆ, ಬೆವೆಲ್‌ನ ಡೆಪ್ತ್ ಕೊಟ್ಟರೆ ಅಂಚು ಮೆತ್ತಗಾಗುತ್ತದೆ. ಅಕ್ಷರದ ಎತ್ತರ ಒಂದು ಮೀಟರ್ ಇದ್ದರೆ ಎಕ್ಸ್‌ಟ್ರೂಡ್ 0.1, ಬೆವೆಲ್ 0.01ರಿಂದ ಶುರು ಮಾಡಿ. ಇಂಗ್ಲಿಷ್ ಪಾಠಗಳಲ್ಲಿ ಇಷ್ಟಕ್ಕೇ ಮುಗಿಸುತ್ತಾರೆ, ಕನ್ನಡಕ್ಕೆ ಇಷ್ಟು ಸಾಲದು. ಬೆವೆಲ್ ಕೊಟ್ಟ ಕೂಡಲೇ ಅಕ್ಷರ ಹೊರಗಡೆಗೆ ಉಬ್ಬುತ್ತದೆ, 'ದ್ಧೇ'ಯಂಥ ಕಡೆ ಒತ್ತಿಗೂ ಮೇಲಿನ ಅಕ್ಷರಕ್ಕೂ ನಡುವಿನ ಸಣ್ಣ ಸಂದು ಮುಚ್ಚಿಹೋಗಿ ಓದಲಿಕ್ಕೇ ಆಗುವುದಿಲ್ಲ. ಅಲ್ಲೇ ಆಫ್‌ಸೆಟ್ ಅಂತ ಇದೆ ಅಲ್ವಾ, ಅದಕ್ಕೆ ಬೆವೆಲ್‌ನಷ್ಟೇ ಅಂಕಿಯನ್ನು ಮೈನಸ್ ಹಾಕಿ ಕೊಡಿ. ಸಂದು ತೆರೆದುಕೊಳ್ಳುತ್ತದೆ. ಜಾತ್ರೆಯ ಹೆಸರು ದೂರದಿಂದಲೂ ಸಲೀಸಾಗಿ ಓದುವಂತಿರಬೇಕು, ಹೊಳಪು ಆಮೇಲೆ.

ಬಂಗಾರಕ್ಕೆ ಬರೋಣ. ಎಸ್‌ವಿಜಿ ಜೊತೆ ಅದರ ಕಪ್ಪು ಬಣ್ಣವೂ ಮೆಟೀರಿಯಲ್ ಆಗಿ ಬಂದಿರುತ್ತದೆ. ಅದನ್ನು ತೆಗೆದು ಹೊಸದು ಹಾಕಿ, ಬೇಸ್ ಕಲರ್ ಅರಿಶಿನಕ್ಕಿಂತ ಸ್ವಲ್ಪ ಕೆಂಪಿರಲಿ, ಮೆಟಾಲಿಕ್ 1, ರಫ್‌ನೆಸ್ 0.25ರ ಆಸುಪಾಸು. ಇಷ್ಟಾದರೂ ಮಂಕಾಗಿ ಕಾಣಬಹುದು, ಯಾಕೆಂದರೆ ಲೋಹ ಸುತ್ತಲಿನದ್ದನ್ನು ತೋರಿಸುತ್ತದೆ, ನಿಮ್ಮ ಸೀನ್‌ನಲ್ಲಿ ಸುತ್ತ ಬರೀ ಬೂದು. ವರ್ಲ್ಡ್ ಟ್ಯಾಬ್‌ನಲ್ಲಿ ಒಂದು ಎಚ್‌ಡಿಆರ್‌ಐ ಚಿತ್ರ (ಸುತ್ತಲಿನ ಬೆಳಕು ಸಮೇತ ಇರುವ ಫೋಟೊ) ಹಾಕಿ. ಪಾಲಿ ಹೇವನ್ ವೆಬ್‌ಸೈಟ್‌ನಲ್ಲಿ ಉಚಿತವಾಗಿ ಸಿಗುತ್ತವೆ, ಅಂಗಡಿ ಕೆಲಸಕ್ಕೂ ಬಳಸಬಹುದು.

ಲ್ಯಾಪ್‌ಟಾಪ್ ಬಗ್ಗೆ ಚಿಂತೆ ಬೇಡ. ಬ್ಲೆಂಡರ್ 4.0ರಿಂದ ಗ್ರಾಫಿಕ್ಸ್ ಕಾರ್ಡ್‌ಗೆ ಓಪನ್‌ಜಿಎಲ್ ಎಂಬ ವ್ಯವಸ್ಥೆಯ 4.3 ವರ್ಷನ್ ಬೇಕು, ಹಳೇ ಗ್ರಾಫಿಕ್ಸ್‌ನಲ್ಲಿ ಅದು ಇರುವುದಿಲ್ಲ. ನಿಮ್ಮ ಬ್ಲೆಂಡರ್ 3.6ಕ್ಕೆ ಓಪನ್‌ಜಿಎಲ್ 3.3 ಸಾಕು. ರೆಂಡರ್ ಮಾಡಲು, ಅಂದರೆ ಕೊನೆಯ ಚಿತ್ರ ತೆಗೆಯಲು, ಬ್ಲೆಂಡರ್‌ನಲ್ಲಿ ಸೈಕಲ್ಸ್, ಈವೀ ಅಂತ ಎಂಜಿನ್‌ಗಳಿವೆ. ಈ ಕೆಲಸಕ್ಕೆ ಸೈಕಲ್ಸ್ ಮುಟ್ಟಬೇಡಿ, ಸುಮ್ನೆ ರಾತ್ರಿಯಿಡೀ ಕಾಯಬೇಕಾಗುತ್ತದೆ. ಈವೀಯಲ್ಲೇ ಸ್ಕ್ರೀನ್ ಸ್ಪೇಸ್ ರಿಫ್ಲೆಕ್ಷನ್ಸ್ ಟಿಕ್ ಮಾಡಿ ರೆಂಡರ್ ಕೊಡಿ. ನೇರ ವಿಡಿಯೊ ಫೈಲ್ ಬದಲು ಪಿಎನ್‌ಜಿ ಚಿತ್ರಗಳಾಗಿ ತೆಗೆದರೆ, ನಡುವೆ ಕರೆಂಟ್ ಹೋದರೂ ನಿಂತ ಕಡೆಯಿಂದಲೇ ಮುಂದುವರಿಸಬಹುದು.