ಮಾಲೀಕರು ಬದಲಾದರೆ ಆಟಗಾರನ ಒಪ್ಪಂದ ಏನಾಗುತ್ತೆ?

ಹಾಕಿ ಇಂಡಿಯಾ ಲೀಗ್‌ನಲ್ಲಿ ಆಡೋ ಮಗನ ತಂಡ ಬೇರೆ ಊರಿಗೆ ಹೋಗುತ್ತಂತೆ, ಅವನಿಗೆ ಬರಬೇಕಾದ ಹಣವೂ ಬಾಕಿ ಇದೆ, ಒಪ್ಪಂದದ ಗತಿ ಏನು ಅಂತ ಕೇಳಿದ್ದೀರಿ. ಆ ಗಾಳಿಸುದ್ದಿ ಹುಟ್ಟಿರೋದು ಬಹುಶಃ ಮಾಲೀಕರು ತಂಡವನ್ನು ಕೈಬಿಡ್ತಿರೋದ್ರಿಂದ. ಅಷ್ಟಕ್ಕೇ ನಿಮ್ಮ ಮಗನ ಒಪ್ಪಂದ ಬಿದ್ದುಹೋಯ್ತು ಅಂತಲ್ಲ. 2025ರಲ್ಲಿ ಯುಪಿ ರುದ್ರಾಸ್ ತಂಡದ ಮಾಲೀಕರು ಇದೇ ಲೀಗ್‌ನಿಂದ ಹಿಂದೆ ಸರಿದಾಗ ಲೀಗ್‌ನ ಆಡಳಿತ ಮಂಡಳಿಯೇ ಆಟಗಾರರನ್ನು ಇಟ್ಟುಕೊಂಡು ತಂಡವನ್ನು ಕಣಕ್ಕಿಳಿಸಿತು. ಊರಿನ ಚಿಂತೆಯಂತೂ ಬಿಡಿ, ಈ ಲೀಗ್‌ನಲ್ಲಿ ಎಷ್ಟೋ ತಂಡಗಳಿಗೆ ಹೆಸರಿನ ಊರು ಒಂದು, ಆಡೋ ಊರು ಇನ್ನೊಂದು.

ಮೊದಲು ಒಪ್ಪಂದದ ಪ್ರತಿ ತೆಗೆದು ಯಾರ್ಯಾರ ಸಹಿ ಇದೆ, ಒಪ್ಪಂದವನ್ನು ಹೊಸ ಮಾಲೀಕರಿಗೆ ವಹಿಸಿಕೊಡೋ ಹಸ್ತಾಂತರದ ಕಲಂ ಇದೆಯಾ ನೋಡಿ. ಆಮೇಲೆ ಬಾಕಿ ಹಣದ ಲೆಕ್ಕ ಬರೆದು ತಂಡದ ಮ್ಯಾನೇಜರ್‌ಗೂ ಲೀಗ್‌ಗೂ ಒಂದೇ ಇಮೇಲ್ ಹಾಕಿ. ಫೋನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಹಳೇ ಬಾಕಿ ಯಾರು ಕೊಡ್ತಾರೆ ಅನ್ನೋದು ಮಾತ್ರ ಕಾಗದ ನೋಡದೆ ಹೇಳಲಾರೆ. ಉತ್ತರ ಬರೋವರೆಗೆ ಹೊಸ ಒಪ್ಪಂದಕ್ಕೆ ಸಹಿ ಬೇಡ. ಕಾಫಿ ಕುಯ್ಲಿಗೆ ಅಂತ ಅವನನ್ನ ಊರಿಗೆ, ಪೊನ್ನಂಪೇಟೆಗೆ ಕರೆಸ್ಕೋಬೇಡಿ, ತಂಡದ ಶಿಬಿರ ತಪ್ಪಿಸಿದ ಅಂತ ತಪ್ಪನ್ನ ಅವನ ಮೇಲೇ ಹಾಕ್ತಾರೆ.