ನೂರಾರು ಸಲ ಅಭ್ಯಾಸ ಮಾಡಿದ ಮೇಲೆ ಕೈ ಪ್ರತಿ ಸಲವೂ ಒಂದೇ ರೀತಿ ಚಲಿಸುತ್ತದೆಯೇ?

ಇಲ್ಲ. ಪಳಗಿದ ಕೈ ಕೂಡ ಒಂದೇ ಚಲನೆಯನ್ನು ಎರಡು ಸಲ ಮಾಡುವುದಿಲ್ಲ.

1920ರ ದಶಕದಲ್ಲಿ ಮಾಸ್ಕೋದ ವಿಜ್ಞಾನಿ ನಿಕೊಲಾಯ್ ಬರ್ನ್‌ಸ್ಟೈನ್, ಸುತ್ತಿಗೆಯಿಂದ ಉಳಿಗೆ ಹೊಡೆಯುವ ನುರಿತ ಕೆಲಸಗಾರರ ತೋಳಿಗೆ ಪುಟ್ಟ ಬಲ್ಬುಗಳನ್ನು ಕಟ್ಟಿ ಫೋಟೊ ತೆಗೆದರು. ಸುತ್ತಿಗೆಯ ತುದಿ ಸಾಗುವ ದಾರಿ ಹೆಚ್ಚುಕಡಿಮೆ ಒಂದೇ. ಭುಜ, ಮೊಣಕೈ, ಮಣಿಕಟ್ಟುಗಳ ಆಟ ಮಾತ್ರ ಪ್ರತಿ ಏಟಿಗೂ ಬೇರೆ ಬೇರೆ! ಒಂದು ಕೀಲು ತುಸು ಹೆಚ್ಚು ತಿರುಗಿದರೆ ಇನ್ನೊಂದು ಅದನ್ನು ಸರಿದೂಗಿಸುತ್ತಿತ್ತು.

ಇದು ಸಾಧ್ಯವಾಗುವುದು ನಮ್ಮ ತೋಳು ಅಗತ್ಯಕ್ಕಿಂತ ಹೆಚ್ಚು ಬಗೆಯಲ್ಲಿ ಬಾಗುವುದರಿಂದ. ಬೆರಳುಗಳನ್ನು ಬಿಟ್ಟರೂ ಭುಜದಲ್ಲಿ 3, ಮೊಣಕೈಯಲ್ಲಿ 1, ಮುಂಗೈ ತಿರುಚಲು 1, ಮಣಿಕಟ್ಟಿನಲ್ಲಿ 2, ಒಟ್ಟು 7 ಬಗೆಯ ಸ್ವತಂತ್ರ ಚಲನೆಗಳಿವೆ. ಒಂದು ಬಿಂದುವನ್ನು ಮುಟ್ಟಲು 3 ಸಾಕು. ಹಾಗಾಗಿ ಅದೇ ಬಿಂದುವಿಗೆ ಲೆಕ್ಕವಿಲ್ಲದಷ್ಟು ದಾರಿಗಳು. ಇದು ಮಿದುಳಿಗೆ ತಲೆನೋವು ಎಂದು ಬರ್ನ್‌ಸ್ಟೈನ್ ಭಾವಿಸಿದ್ದರು. ನನಗೇನೋ ಇದು ವರವೆಂದೇ ಕಾಣುತ್ತದೆ. ಸ್ನಾಯುಗಳಿಗೆ ಹೋಗುವ ನರಸಂಕೇತದಲ್ಲಿ ಸದಾ ಸ್ವಲ್ಪ ಏರುಪೇರು ಇದ್ದೇ ಇರುತ್ತದೆ. ಮಿದುಳು ಗುರಿಗೆ ಧಕ್ಕೆ ತರುವ ತಪ್ಪನ್ನಷ್ಟೇ ತಿದ್ದಿ, ಉಳಿದದ್ದನ್ನು ಅದರ ಪಾಡಿಗೆ ಬಿಡುತ್ತದೆ.

ಹೊಸಬರ ಕೈ ಬಿಗಿಯಾಗಿರುವುದು ಇಷ್ಟೊಂದು ಚಲನೆಗಳನ್ನು ಒಟ್ಟಿಗೆ ನಿಭಾಯಿಸುವುದು ಕಷ್ಟವಾದ್ದರಿಂದ: ಅವರು ಕೆಲವು ಕೀಲುಗಳನ್ನು ಅಲುಗದಂತೆ ಹಿಡಿದಿಡುತ್ತಾರೆ, ಅಭ್ಯಾಸವಾದಂತೆ ಕ್ರಮೇಣ ಸಡಿಲಿಸುತ್ತಾರೆ.