ಕನ್‌ಸ್ಟ್ರಕ್ಟರ್ ಏಕೆ ತಾನಾಗಿ ಬರುವುದಿಲ್ಲ?

ಪ್ರಶ್ನೆ: ಜಾವಾದಲ್ಲಿ ‘ಖಾತೆ’ ಎಂಬ ಕ್ಲಾಸ್ ಬರೆದು, ಖಾತೆ ಸಂಖ್ಯೆಯನ್ನೂ ಆರಂಭಿಕ ಶಿಲ್ಕನ್ನೂ ಪಡೆಯುವ ಕನ್‌ಸ್ಟ್ರಕ್ಟರನ್ನು ಅದಕ್ಕೆ ಕೊಟ್ಟಿದ್ದೇನೆ. ಅದರಿಂದ ‘ಉಳಿತಾಯ ಖಾತೆ’ ಎಂಬ ಉಪಕ್ಲಾಸನ್ನು ಮಾಡಿ, ಬಡ್ಡಿದರವನ್ನಷ್ಟೇ ಪಡೆಯುವ ಕನ್‌ಸ್ಟ್ರಕ್ಟರ್ ಬರೆದರೆ ಕಂಪೈಲರ್ ದೋಷ ತೋರಿಸುತ್ತದೆ. ಹಣ ಜಮಾ ಮಾಡುವ ಮೆಥಡ್ ತಾನಾಗಿಯೇ ಬಂದಿರುವಾಗ ಕನ್‌ಸ್ಟ್ರಕ್ಟರ್ ಏಕೆ ಬರಲಿಲ್ಲ?
– ಬಿ.ಸಿ.ಎ. ವಿದ್ಯಾರ್ಥಿನಿ, ಹಾಸನ

ಉತ್ತರ: ಜಮಾ ಮಾಡುವ ಮೆಥಡ್ ಈಗಾಗಲೇ ಸಿದ್ಧವಾಗಿರುವ ಆಬ್ಜೆಕ್ಟಿನ ಮೇಲೆ ಕೆಲಸ ಮಾಡುವುದರಿಂದ ಉಪಕ್ಲಾಸಿಗೂ ಸಲ್ಲುತ್ತದೆ. ಕನ್‌ಸ್ಟ್ರಕ್ಟರಿನ ಹೊಣೆ ಆಬ್ಜೆಕ್ಟನ್ನು ಸಿದ್ಧಗೊಳಿಸುವುದು; ‘ಖಾತೆ’ಯ ಕನ್‌ಸ್ಟ್ರಕ್ಟರಿಗೆ ಬಡ್ಡಿದರವೆಂಬುದೊಂದಿದೆ ಎಂಬುದೇ ತಿಳಿಯದು. ಅದು ಹಾಗೆಯೇ ಉಪಕ್ಲಾಸಿಗೆ ಬಂದಿದ್ದರೆ, ದರವನ್ನು ಯಾರೂ ಹೇಳದೆಯೇ ಶೂನ್ಯ ಬಡ್ಡಿಯ ಉಳಿತಾಯ ಖಾತೆಯೊಂದು ಹುಟ್ಟಿಬಿಡುತ್ತಿತ್ತು.

ನಿಮಗೆ ಕಂಡ ದೋಷದ ಕಾರಣ ಇದಕ್ಕೆ ಹೊಂದಿಕೊಂಡೇ ಇದೆ. ಉಪಕ್ಲಾಸಿನ ಕನ್‌ಸ್ಟ್ರಕ್ಟರಿನಲ್ಲಿ ನೀವು ಸೂಪರ್ ಕರೆಯನ್ನು, ಅಂದರೆ ಮೂಲ ಕ್ಲಾಸಿನ ಕನ್‌ಸ್ಟ್ರಕ್ಟರನ್ನು ಕರೆಯುವ ಸಾಲನ್ನು, ಬರೆಯದಿದ್ದರೆ, ಯಾವ ಬೆಲೆಯನ್ನೂ ಕಳುಹಿಸದ ಸೂಪರ್ ಕರೆಯೊಂದನ್ನು ಕಂಪೈಲರ್ ತಾನೇ ಸೇರಿಸುತ್ತದೆ. ‘ಖಾತೆ’ಯಲ್ಲಿ ಕನ್‌ಸ್ಟ್ರಕ್ಟರೇ ಇಲ್ಲದಿದ್ದರೆ ಪ್ಯಾರಾಮೀಟರಿಲ್ಲದ ಒಂದನ್ನು ಅದೇ ಒದಗಿಸುತ್ತಿತ್ತು, ನೀವು ಎರಡು ಪ್ಯಾರಾಮೀಟರಿನದನ್ನು ಬರೆದೊಡನೆ ಆ ಸೌಲಭ್ಯ ನಿಂತುಹೋಯಿತು. ಹೀಗಾಗಿ ಕರೆ ಇದೆ, ಓಗೊಡುವ ಕನ್‌ಸ್ಟ್ರಕ್ಟರ್ ಇಲ್ಲ. ‘ಖಾತೆ’ಗೆ ಖಾಲಿ ಕನ್‌ಸ್ಟ್ರಕ್ಟರೊಂದನ್ನು ಸೇರಿಸಿ ದೋಷವನ್ನು ಸುಮ್ಮನಾಗಿಸುವವರು ಬಹಳ. ಅದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಆಮೇಲೆ ಸಂಖ್ಯೆಯೇ ಇಲ್ಲದ ಖಾತೆಯನ್ನು ಯಾರು ಬೇಕಾದರೂ ತೆರೆಯಬಹುದು. ಉಪಕ್ಲಾಸಿನ ಕನ್‌ಸ್ಟ್ರಕ್ಟರ್ ಮೂರೂ ಬೆಲೆಗಳನ್ನು ಪಡೆದು, ಸಂಖ್ಯೆ ಮತ್ತು ಶಿಲ್ಕನ್ನು ಸೂಪರ್ ಮೂಲಕ ಮೇಲಕ್ಕೆ ಕಳುಹಿಸಿ, ಬಡ್ಡಿದರವನ್ನು ತಾನು ಇಟ್ಟುಕೊಳ್ಳುವುದೇ ಸರಿಯಾದ ಕ್ರಮ.

ಸೂಪರ್ ಕರೆ ಮೊದಲ ಸಾಲಿನಲ್ಲೇ ಇರಬೇಕೆಂಬ ಹಳೆಯ ಕಟ್ಟಳೆಯನ್ನು 2025ರಲ್ಲಿ ಬಂದ ಜಾವಾ 25 ಸಡಿಲಿಸಿದೆ. ದರ ಋಣಾತ್ಮಕವೇ ಎಂದು ಪರೀಕ್ಷಿಸುವಂತಹ ಸಾಲುಗಳನ್ನು ಅದಕ್ಕೂ ಮೊದಲು ಬರೆಯಬಹುದು. ನಿಮ್ಮ ಲ್ಯಾಬಿನಲ್ಲಿ ಹಳೆಯ ಆವೃತ್ತಿಯಿದ್ದರೆ ಇದು ನಡೆಯದು.

ಇನ್ನೊಂದು ಎಚ್ಚರಿಕೆ ಇದಕ್ಕಿಂತ ಮುಖ್ಯ. ಮೂಲ ಕ್ಲಾಸಿನ ಕನ್‌ಸ್ಟ್ರಕ್ಟರ್ ಮೊದಲು ಮುಗಿದು, ಬಳಿಕ ಉಪಕ್ಲಾಸಿನ ಉಳಿದ ಕೆಲಸ ನಡೆಯುತ್ತದೆ. ಆದ್ದರಿಂದ ‘ಖಾತೆ’ಯ ಕನ್‌ಸ್ಟ್ರಕ್ಟರಿನೊಳಗೆ ವಿವರ ಮುದ್ರಿಸುವ ಮೆಥಡನ್ನು ಕರೆದು, ಅದೇ ಮೆಥಡನ್ನು ಉಪಕ್ಲಾಸಿನಲ್ಲಿ ಓವರ್‌ರೈಡ್ ಮಾಡಿದ್ದರೆ, ಅಂದರೆ ಅದೇ ಹೆಸರಿನಲ್ಲಿ ಬೇರೆಯಾಗಿ ಬರೆದಿದ್ದರೆ, ಬಡ್ಡಿದರ ತುಂಬುವ ಮೊದಲೇ ಉಪಕ್ಲಾಸಿನ ಮೆಥಡ್ ಓಡಿ 0.0 ಎಂದು ಮುದ್ರಿಸುತ್ತದೆ. ಇಲ್ಲಿ ಕಂಪೈಲರ್ ಚಕಾರವೆತ್ತುವುದಿಲ್ಲ.

ಪೈಥಾನ್ ಕಲಿಯುವ ಗೆಳತಿಯರು ಬೇರೆ ಮಾತು ಹೇಳಿದರೆ ಅಚ್ಚರಿಪಡಬೇಡಿ. ಅಲ್ಲಿ ಉಪಕ್ಲಾಸ್ ತನ್ನದೇ ಇನಿಟ್ (ಆಬ್ಜೆಕ್ಟನ್ನು ಸಿದ್ಧಗೊಳಿಸುವ ಮೆಥಡ್) ಬರೆಯದಿದ್ದರೆ ಮೂಲ ಕ್ಲಾಸಿನದೇ ನಡೆಯುತ್ತದೆ. ಬರೆದು ಸೂಪರನ್ನು ಕರೆಯಲು ಮರೆತರೆ, ಆಬ್ಜೆಕ್ಟ್ ಸಲೀಸಾಗಿ ಸಿದ್ಧವಾಗಿ, ಶಿಲ್ಕನ್ನು ಕೇಳಿದಾಗಷ್ಟೇ ದೋಷ ಹೊರಬೀಳುತ್ತದೆ.